ಎರಡು ಮನೆಯ ನಾಯಿ

ಈ ಕೊಲ್ಲಿ ದೇಶಕ್ಕೆ ಬಂದು ಮಂಗಫ್‌ನಲ್ಲಿ ನಾವು ಮೊದಲು ಇದ್ದ ಕಟ್ಟಡದಲ್ಲಿ ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಇನ್ನೊಂದು ಬಾಗಿಲಿತ್ತು. ನಡುವೆ ಲಿಫ್ಟಿನ ಮುಂದಿನ ಸಣ್ಣ ಜಾಗ. ಅಲ್ಲಿ ಚಪ್ಪಲಿ ಗೂಡು, ಮಗಳ ಸೈಕಲ್ಲು, ಯಾರೋ ಬಿಟ್ಟುಹೋದ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತಿದ್ದವು. ನಮ್ಮ ನಾಯಿ ತನ್ನ ಆಯುಷ್ಯದ ಹೆಚ್ಚಿನ ಪಾಲನ್ನು ಈ ಎರಡು ಬಾಗಿಲುಗಳ ನಡುವೆ ಓಡಾಡಿಕೊಂಡೇ ಕಳೆಯಿತು. ನಮ್ಮ ನಾಯಿ ಎಂದು ಬರೆಯುತ್ತಿದ್ದೇನೆ. ಎದುರು ಮನೆಯವರು ಓದಿದರೆ ಇದನ್ನು ಒಪ್ಪುವುದಿಲ್ಲ.

ಎದುರು ಮನೆಯವರು ಕಾರ್ಕಳದ ಕಡೆಯವರು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಸಬ್ಹಾನ್‌ನಲ್ಲಿ ಕಾರ್ಮಿಕರ ಕ್ಯಾಂಪುಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವರಾಗಿದ್ದರು. ಹೆಂಡತಿ ಮಕ್ಕಳು ಊರಿನಲ್ಲಿ, ಇಲ್ಲಿ ಅವರೊಬ್ಬರೇ. ಬೆಳಕು ಹರಿಯುವ ಮೊದಲೇ ಹೊರಟು ಮಧ್ಯಾಹ್ನದ ಹೊತ್ತಿಗೆ ಬೆವರಿನ, ಈರುಳ್ಳಿಯ ವಾಸನೆ ಹೊತ್ತು ಮರಳುತ್ತಿದ್ದರು. ನಾವು ಬಾಗಲಕೋಟೆ ಕಡೆಯವರು. ನನ್ನ ಗಂಡ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ನಾನು ಶರ್ಕ್‌ನ ಒಂದು ವಿಮಾ ಕಚೇರಿಯಲ್ಲಿ ನೌಕರಿ. ಮಗಳು ಆಗಿನ್ನೂ ನಾಲ್ಕನೇ ಕ್ಲಾಸು. ಅವರು ತುಳುವಿನವರು, ನಮ್ಮದು ಬಯಲುಸೀಮೆಯ ಮಾತು. ಮೊದಮೊದಲು ಅವರ 'ಉಂಟು' ನಮಗೆ ನಗು ತರಿಸಿದರೆ, ನಮ್ಮ 'ಐತಿ' ಅವರಿಗೆ ನಗು ತರಿಸುತ್ತಿತ್ತು. ಆದರೂ ಕಟ್ಟಡದಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ಆ ಎರಡು ಬಾಗಿಲುಗಳ ಹಿಂದೆ ಮಾತ್ರ.

ಒಂದು ಮಧ್ಯಾಹ್ನ ಅವರು ಟೊಮೇಟೊ ಪೇಸ್ಟಿನ ರಟ್ಟಿನ ಡಬ್ಬಿ ಹಿಡಿದುಕೊಂಡು ನಮ್ಮ ಬೆಲ್ ಒತ್ತಿದರು. ಡಬ್ಬಿಯೊಳಗೆ ಮರಳಿನ ಬಣ್ಣದ ಒಂದು ಮರಿ. ಒಂದು ಕಿವಿ ನಿಮಿರಿತ್ತು, ಇನ್ನೊಂದು ಮಡಚಿಕೊಂಡಿತ್ತು. ಅಕ್ಕಿ ಮೂಟೆಗಳ ಗೋದಾಮಿನ ಹಿಂದೆ ಬೀದಿನಾಯಿಯೊಂದು ಹಾಕಿದ ಮರಿಗಳಲ್ಲಿ ಉಳಿದದ್ದು ಇದೊಂದೇ ಅಂತೆ. "ಅಕ್ಕ, ಬೆಳಿಗ್ಗೆ ಹೊತ್ತು ನಾನಿರುದಿಲ್ಲ. ಆಗ ನೀವು ಸ್ವಲ್ಪ ನೋಡಿಕೊಂಡ್ರೆ, ಮಧ್ಯಾಹ್ನ ಮೇಲೆ ನನ್ನದೇ ಜವಾಬ್ದಾರಿ" ಎಂದರು. ನಾನು ಗಂಡನ ಮುಖ ನೋಡಿದೆ. ಅವರಿಗೆ ನಾಯಿ ಸೇರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಮಗಳು ಡಬ್ಬಿಯ ಪಕ್ಕ ನೆಲದ ಮೇಲೆ ಕೂತು ಮರಿಯ ಮೂಗಿಗೆ ಬೆರಳು ಕೊಟ್ಟಾಗಿತ್ತು.

ಹೀಗೆ ಆ ಹೆಣ್ಣುಮರಿ ಎರಡೂ ಮನೆಯವಳಾದಳು. ಬೆಳಿಗ್ಗೆ ನಮ್ಮಲ್ಲಿ, ಮಧ್ಯಾಹ್ನದಿಂದ ಅವರಲ್ಲಿ, ರಾತ್ರಿ ಅವಳಿಗೆ ಮನಸ್ಸು ಬಂದಲ್ಲಿ. ಅವರು ಮಗಳೇ ಎಂದು ಕರೆದರೂ ಬರುತ್ತಿದ್ದಳು, ನಾವು ತಂಗಿ ಎಂದು ಕರೆದರೂ ಬರುತ್ತಿದ್ದಳು. ನಮ್ಮ ಮನೆಯ ಒಂದು ಕೀಲಿ ಅವರ ಹತ್ತಿರ ಇರತೊಡಗಿತು. ಅವರು ಮಾಡಿದ ಮೀನಿನ ಸಾರು ನಮ್ಮ ಅಡುಗೆಮನೆಗೂ, ನಾನು ಬಡಿದ ಜೋಳದ ರೊಟ್ಟಿ ಅವರ ತಟ್ಟೆಗೂ ಹೋಗತೊಡಗಿದ್ದು ಆಮೇಲೆಯೇ. ಅದಕ್ಕೂ ಮೊದಲು ಎರಡು ವರ್ಷ ಎದುರುಬದುರು ಇದ್ದರೂ ಲಿಫ್ಟಿನಲ್ಲಿ ತಲೆ ಅಲ್ಲಾಡಿಸಿದ್ದು ಬಿಟ್ಟರೆ ನಮಗೆ ಒಬ್ಬರಿಗೊಬ್ಬರ ಪರಿಚಯವಿರಲಿಲ್ಲ.

ಮರಿ ಬೆಳೆದು ನಾಯಿಯಾದ ಮೇಲೆ ಬಂದ ಮೊದಲ ಕಾಯಿಲೆ ಕಿವಿಯದು. ಆಗಸ್ಟ್ ಮುಗಿಯುವ ಹೊತ್ತಿಗೆ ಇಲ್ಲಿ ಒಣ ಬಿಸಿಲು ಹಿಂದೆ ಸರಿದು ಸಮುದ್ರದ ಕಡೆಯಿಂದ ಮೈಗೆ ಅಂಟುವ ಸೆಕೆ ಬರುತ್ತದೆ. ಆ ದಿನಗಳಲ್ಲಿ ಅವಳು ಕೂತಲ್ಲಿ ನಿಂತಲ್ಲಿ ತಲೆ ಕೊಡವತೊಡಗಿದಳು. ಮಡಚಿದ ಕಿವಿಯನ್ನು ಹಿಂಗಾಲಿನಿಂದ ಕೆರೆದುಕೊಂಡು ಕುಂಯ್ ಎನ್ನುತ್ತಿದ್ದಳು. ಎದುರು ಮನೆಯವರು ನೊಣ ಹೊಕ್ಕಿರಬೇಕೆಂದು ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಬಿಟ್ಟರು. ಅವರ ಊರಿನಲ್ಲಿ ಮಕ್ಕಳಿಗೂ ಹಾಗೇ ಮಾಡುತ್ತಾರಂತೆ. ಕೆರೆತ ಇನ್ನೂ ಹೆಚ್ಚಾಯಿತು. ಒಂದು ಸಂಜೆ ಅವಳು ನನ್ನ ಮಡಿಲಲ್ಲಿ ತಲೆ ಇಟ್ಟಾಗ ಕಿವಿಯೊಳಗಿಂದ ವಾಸನೆ ಬಂತು. ಹುಳಿ ಮೀರಿದ ದೋಸೆ ಹಿಟ್ಟಿನಂಥ ವಾಸನೆ. ಕಿವಿ ಮಡಚಿ ನೋಡಿದರೆ ಒಳಗೆಲ್ಲ ಕೆಂಪು, ಅಂಚಿನಲ್ಲಿ ಕಂದು ಬಣ್ಣದ ಜಿಗುಟು.

ನಾವು ಕರೆದುಕೊಂಡು ಹೋದ ಪ್ರಾಣಿಗಳ ಕ್ಲಿನಿಕ್ಕಿನ ಡಾಕ್ಟರು ಈಜಿಪ್ಟಿನ ಹೆಂಗಸು. ದಪ್ಪ ಕನ್ನಡಕ, ಕೈ ಮಾತ್ರ ಬಹಳ ಹಗುರ. ಇಂಗ್ಲಿಷಿನ ನಡುವೆ ರೋಗಿಗಳ ಮನೆಯವರಿಂದ ಕಲಿತ ಹಿಂದಿ ಬೆರೆಸಿ ಮಾತಾಡುತ್ತಿದ್ದರು. ಕಿವಿಯಲ್ಲಿ ತೇವ ನಿಂತು ಬೂಷ್ಟಿನಂಥ ಸೋಂಕು ಬೆಳೆದಿದೆ, ಮಡಚಿದ ಕಿವಿಗೆ ಗಾಳಿಯಾಡುವುದಿಲ್ಲ, ಎಣ್ಣೆ ಬಿಟ್ಟರೆ ಅದಕ್ಕೆ ಇನ್ನಷ್ಟು ಅನುಕೂಲ ಎಂದರು. ತೊಳೆದು, ಹನಿ ಹಾಕುವುದನ್ನು ತೋರಿಸಿಕೊಟ್ಟರು. ಎದುರು ಮನೆಯವರು ತಲೆ ತಗ್ಗಿಸಿ ನಿಂತಿದ್ದರು. ಡಾಕ್ಟರಿಗೆ ಅದು ಕಂಡಿರಬೇಕು. ಎಣ್ಣೆಯ ಮಾತು ಅಲ್ಲಿಗೇ ಬಿಟ್ಟು ನಮ್ಮೆಲ್ಲರನ್ನೂ ಹತ್ತಿರ ಕರೆದು ನಾಯಿಯ ಮೇಲ್ದುಟಿ ಎತ್ತಿದರು. ವಸಡು ಗುಲಾಬಿ ಬಣ್ಣಕ್ಕಿತ್ತು. ಬೆರಳಿನಿಂದ ಒತ್ತಿದಾಗ ಬೆಳ್ಳಗಾಯಿತು, ಬಿಟ್ಟ ಕೂಡಲೇ ಬಣ್ಣ ಮರಳಿತು. ಆಮೇಲೆ ನಮ್ಮ ಕೈಗಳನ್ನು ಒಂದೊಂದಾಗಿ ಹಿಡಿದು ಹೊಟ್ಟೆ ಮುಟ್ಟಿಸಿದರು. ಅದು ಮೆತ್ತಗಿತ್ತು. ಕಾಯಿಲೆ ಬಂದ ದಿನ ಮೊದಲ ಸಲ ನೋಡಿದರೆ ನಿಮಗೇನೂ ತಿಳಿಯುವುದಿಲ್ಲ, ಚೆನ್ನಾಗಿರುವಾಗ ಹೇಗಿರುತ್ತಾಳೆ ಎಂದು ಕೈಗೂ ಕಣ್ಣಿಗೂ ರೂಢಿಯಾಗಿರಬೇಕು ಎಂಬುದು ಅವರ ಮಾತಿನ ಅರ್ಥ.

ಇದು ಯಾರಿಗಿಂತ ಹೆಚ್ಚಾಗಿ ನಾಯಿ ಸೇರದ ನನ್ನ ಗಂಡನಿಗೆ ಹಿಡಿಸಿತು. ಬರುವಾಗ ಕಾರಿನಲ್ಲಿ ಹೇಳಿದರು: "ನಮ್ಮ ಪ್ಲಾಂಟ್‌ನ್ಯಾಗೂ ಇದ ನೋಡು. ಗೇಜಿನ ಮುಳ್ಳು ದಿನಾ ಎಲ್ಲಿರ್ತೈತಿ ಅಂತ ಗೊತ್ತಿದ್ದವಗಷ್ಟ ಅದು ಸರದಿದ್ದು ಕಾಣತೈತಿ." ಅಂದಿನಿಂದ ಸಂಜೆ ಕಂಪನಿ ಬಸ್ಸಿಳಿದು ಬಂದ ಕೂಡಲೇ ಬೂಟು ಬಿಚ್ಚುವ ಮೊದಲು ಅವಳ ತುಟಿ ಎತ್ತಿ ನೋಡುವುದು ಅವರ ಅಭ್ಯಾಸವಾಯಿತು. ಅವಳೂ ಅದನ್ನು ಆಟವೆಂದುಕೊಂಡು ತಾನಾಗಿಯೇ ಮುಖ ಎತ್ತಿ ನಿಲ್ಲುತ್ತಿದ್ದಳು.

ಆ ವರ್ಷಗಳು ನೆನಪಾದರೆ ನನಗೆ ಮೊದಲು ಕಾಣುವುದು ಚಳಿಗಾಲದ ಸಂಜೆಗಳು. ಗಂಡ, ಎದುರು ಮನೆಯವರು, ನಾಯಿ, ಮಗಳು, ಎಲ್ಲರೂ ಸಮುದ್ರದ ದಂಡೆಗೆ ಹೋಗುತ್ತಿದ್ದೆವು. ಎದುರು ಮನೆಯವರು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ಬೇಸಿಗೆಯಲ್ಲಿ ಮಾತ್ರ ಹೊತ್ತು ಮುಳುಗಿ ಬಹಳ ಹೊತ್ತಾದ ಮೇಲೇ ಹೊರಗೆ. ಒಮ್ಮೆ ಬಿಸಿಲಿರುವಾಗಲೇ ಕೆಳಗಿಳಿಸಿ ಅವಳ ಅಂಗಾಲು ಬೊಬ್ಬೆ ಎದ್ದಿತ್ತು. ಆಮೇಲೆ ಮಗಳು ಮೊದಲು ರಸ್ತೆಗೆ ತನ್ನ ಮುಂಗೈ ಹಿಂಬದಿ ಇಟ್ಟು ನೋಡಿ, "ನಾಟ್ ಯೆಟ್ ಅಂಕಲ್" ಎನ್ನುತ್ತಿದ್ದಳು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂಕಲ್ ಅವಳೊಡನೆ ಕನ್ನಡದಲ್ಲಿ, ನಾಯಿಯೊಡನೆ ತುಳುವಿನಲ್ಲಿ ಮಾತಾಡುತ್ತಿದ್ದರು. ಯಾರಿಗೂ ಏನೂ ತೊಡಕಾಗಲಿಲ್ಲ.

ನಾಯಿಯ ಸಂತಾನ ಹರಣದ ಆಪರೇಷನ್ನಿನ ಮಾತು ಡಾಕ್ಟರು ಎತ್ತಿದಾಗಲೆಲ್ಲ ಎದುರು ಮನೆಯವರು ಮುಂದೂಡುತ್ತಿದ್ದರು. ಒಂದು ಸಲವಾದರೂ ಮರಿ ಹಾಕಲಿ ಎಂಬ ಆಸೆ ಅವರಿಗೆ. ನಾವೂ ಒತ್ತಾಯಿಸಲಿಲ್ಲ. ತಕ್ಕ ಜೋಡಿ ಸಿಗುವವರೆಗೆ ಬೆದೆಯ ದಿನಗಳಲ್ಲಿ ಅವಳನ್ನು ಹೊರಗೆ ಬಿಡದೆ ಕಾಯುವುದಷ್ಟೇ ನಮ್ಮ ಕೆಲಸ.

ಅವಳಿಗೆ ಐದು ತುಂಬಿದ ವರ್ಷದ ಬೇಸಿಗೆಯ ಕೊನೆಯಲ್ಲಿ ಅಂಥದೊಂದು ಬೆದೆ ಮುಗಿದಿತ್ತು. ಅಕ್ಟೋಬರ್ ಬಂದು ಸಂಜೆಗಳು ತಂಪಾಗತೊಡಗಿದವು. ನಾನು ಆಫೀಸಿಗೆ ಹೊರಡುವ ಮೊದಲು ಬಟ್ಟಲು ತುಂಬಿಸಿಡುತ್ತಿದ್ದ ನೀರು, ಸೀರೆ ಉಟ್ಟು ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ಮತ್ತೆ ತುಂಬಿಸುತ್ತಿದ್ದೆ. ಈ ದೇಶದಲ್ಲಿ ಯಾರು ನೀರು ಕುಡಿಯುವುದಿಲ್ಲ? ನಾವೇ ಬಾಟಲಿ ಕೈಬಿಡದೆ ಓಡಾಡುತ್ತೇವೆ. ಹಾಲ್‌ನಲ್ಲಿ ಒಂದೆರಡು ಸಲ ಉಚ್ಚೆ ಹೊಯ್ದಿದ್ದಳು. ಮರಿಯಾಗಿದ್ದಾಗಿನಿಂದ ಅವಳು ಹಾಗೆ ಮಾಡಿದ್ದೇ ಇಲ್ಲ. ಮಗಳು ಒರೆಸಿ ಹಾಕಿ, ಅಪ್ಪನಿಗೆ ಹೇಳಬೇಡ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾಯಿ ಬೆಳಗಿನ ಊಟ ಮುಟ್ಟದೆ ಬಿಟ್ಟಿದ್ದರೂ ನಾನು ಚಿಂತೆ ಮಾಡಲಿಲ್ಲ. ಎದುರು ಮನೆಯಲ್ಲಿ ಅವಳಿಗೆ ಕೋಳಿ, ಮೀನು ಸಿಗುತ್ತಿರುವಾಗ ನನ್ನ ಅನ್ನ ಯಾಕೆ ಬೇಕು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ, ರಜೆ. ಬಾಗಿಲು ತೆರೆದರೆ ಎದುರು ಮನೆಯವರು ತಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೇಯಿಸಿದ ಕೋಳಿ ಹಾಗೇ ಇತ್ತು.

"ಅಕ್ಕ, ನಿನ್ನೆ ಬೆಳಿಗ್ಗೆ ಇವಳು ನಿಮ್ಮಲ್ಲಿ ಎಂತ ತಿಂದಳು?"

"ಏನೂ ತಿಂದಿಲ್ರಿ ಅಣ್ಣಾರ. ನಿಮ್ಮ ಕಡೆ ತಿಂದಿರ್ತಾಳ ಅಂತ ನಾ ಸುಮ್ನಿದ್ದೆ."

ಅವರು ತಟ್ಟೆಯನ್ನು ಕುರ್ಚಿಯ ಮೇಲೆ ಇಟ್ಟರು. "ನಿಮ್ಮಲ್ಲಿ ಹೊಟ್ಟೆ ತುಂಬಿಸಿಕೊಂಡು ಬರ್ತಾಳೆ ಅಂತ ನಾನು ಇದ್ದೆ" ಎಂದರು.

ಅಲ್ಲಿಯೇ, ಆ ಎರಡು ಬಾಗಿಲುಗಳ ನಡುವೆ ನಿಂತು ನಾವು ನಮ್ಮ ನಮ್ಮ ಮನೆಯಲ್ಲಿ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವರ ಮನೆಯಲ್ಲೂ ಅವಳು ಬಟ್ಟಲಿನ ಮೇಲೆ ಬಟ್ಟಲು ನೀರು ಕುಡಿಯುತ್ತಿದ್ದಳು. ಮಂಗಳವಾರ ಹಳದಿ ನೊರೆ ಕಕ್ಕಿದ್ದಳು. ಹುಲ್ಲು ತಿಂದಿರಬೇಕೆಂದು ಅವರು ಒರೆಸಿ ಸುಮ್ಮನಾಗಿದ್ದರು. ಮಧ್ಯಾಹ್ನ ಅವರು ಬಂದಾಗ ಎದ್ದು ಬರುವುದನ್ನು ಬಿಟ್ಟಿದ್ದಳು, ಮಲಗಿದಲ್ಲಿಂದಲೇ ಬಾಲ ಆಡಿಸುತ್ತಿದ್ದಳು. ನನ್ನ ಹೇಳಿಕೆಯೂ ಸೇರಿತು. ಹಾಲ್‌ನ ಉಚ್ಚೆಯ ಮಾತನ್ನು ಮಗಳೇ ಬಂದು ಹೇಳಿದಳು. ಒಂದೊಂದು ಮನೆಯಲ್ಲಿ ಒಂದೊಂದು ಸಣ್ಣ ಸಂಗತಿಯಾಗಿದ್ದದ್ದೆಲ್ಲ ಕೂಡಿಸಿದಾಗ ನನಗೆ ಹೆದರಿಕೆಯಾಯಿತು.

ಆ ವಾರ ಕೆಲಸದಿಂದ ತಡವಾಗಿ ಬರುತ್ತಿದ್ದ ಗಂಡನಿಗೆ ಸಂಜೆ ತುಟಿ ಎತ್ತಿ ನೋಡುವುದು ತಪ್ಪಿತ್ತು. ಈಗ ಹಲ್ಲುಜ್ಜುವುದನ್ನು ಬಿಟ್ಟು ಬಂದವರು ಎದುರು ಮನೆಯ ಒಳಗೆ ಹೋಗಿ ಅವಳ ಪಕ್ಕ ಮಂಡಿಯೂರಿದರು. ಅಂದು ಅವಳು ಮುಖ ಎತ್ತಲಿಲ್ಲ. ತುಟಿ ಎತ್ತಿ ನೋಡಿ ವಸಡು ಒತ್ತಿದರು. ಮಾಸಿದ ಬಣ್ಣ. ಬೆರಳು ತೆಗೆದರೂ ಬಿಳಿ ಗುರುತು ಹಾಗೇ ನಿಂತಿತ್ತು, ನಿಧಾನವಾಗಿ ಬಣ್ಣ ಬಂತು. ಹೊಟ್ಟೆಯ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದರು.

"ಹೊಟ್ಟಿ ಬಿಗದೈತಿ. ಫೋನ್ ಹಚ್ಚು."

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಕೊನೆಯ ಬೆದೆ ಮುಗಿದು ಎಷ್ಟು ದಿನವಾಯಿತು? ನಾನು ಎದುರು ಮನೆಯವರನ್ನು ಕೇಳಿದೆ. ಒಂದು ತಿಂಗಳ ಮೇಲಾಗಿರಬಹುದು ಎಂದರು. ಡಾಕ್ಟರು ಕ್ಲಿನಿಕ್ ರಜೆಯಿದ್ದರೂ ತಾನು ಹೊರಟೆನೆಂದೂ, ನೀರು ಆಹಾರ ಏನೂ ಕೊಡದೆ ಕೂಡಲೇ ಕರೆತರಬೇಕೆಂದೂ ಹೇಳಿದರು.

ಎದುರು ಮನೆಯವರು ಅವಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಲುಂಗಿಯಲ್ಲೇ ಕಾರು ಹತ್ತಿದರು. ಸ್ಕ್ಯಾನ್ ಮಾಡಿದ ಡಾಕ್ಟರು ಪರದೆಯ ಮೇಲೆ ಕಪ್ಪು ಕೊಳವೆಗಳಂಥದನ್ನು ತೋರಿಸಿದರು. ಗರ್ಭಕೋಶದ ತುಂಬ ಕೀವು. ಬೆದೆ ಮುಗಿದ ವಾರಗಳಲ್ಲಿ ಹೆಣ್ಣುನಾಯಿಗಳಿಗೆ ಬರುವ ಕಾಯಿಲೆ ಅದು. ಕೀವು ಹೊರಗೆ ಬಂದರೆ ಬೇಗ ಗೊತ್ತಾಗುತ್ತದೆ, ಇವಳಲ್ಲಿ ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರಿಂದ ಒಂದು ಹನಿಯೂ ಕಾಣಿಸಿಲ್ಲ. ವಿಷ ಮೈಯೇರಿದಾಗ ನಾಯಿ ಹೀಗೆ ನೀರು ಕುಡಿಯುತ್ತದೆ, ಹೊಟ್ಟೆ ಊದುತ್ತದೆ, ವಾಂತಿ ಮಾಡುತ್ತದೆ. ಸಲೈನ್ ಏರಿಸಿ ಸ್ವಲ್ಪ ಸುಧಾರಿಸಿದ ಮೇಲೆ ಇಂದೇ ಗರ್ಭಕೋಶ ತೆಗೆಯಬೇಕು, ನಾಳೆಗೆ ಬಿಡುವ ಹಾಗಿಲ್ಲ ಎಂದರು. ಬದುಕುತ್ತಾಳಾ ಎಂದು ಮಗಳು ಕೇಳಿದಳು. ಡಾಕ್ಟರು ಅವಳ ತಲೆ ಸವರಿ, ಇವತ್ತೇ ತಂದದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ ಒಳಗೆ ಹೋದರು.

ಹೊರಗೆ ಕಾದೆವು. ಶುಕ್ರವಾರದ ಪ್ರಾರ್ಥನೆಯ ಹೊತ್ತು. ರಸ್ತೆಯೆಲ್ಲ ಖಾಲಿಯಾಗಿ, ಹತ್ತಿರದ ಮಸೀದಿಯಿಂದ ಪ್ರವಚನದ ಧ್ವನಿ ಮಾತ್ರ ಕೇಳುತ್ತಿತ್ತು. ಮಗಳು ನನ್ನ ತೊಡೆಯ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಎದುರು ಮನೆಯವರು ಬೆಡ್‌ಶೀಟನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದರು. ಮರಿ ಹಾಕಲಿ ಎಂದು ಹಟ ಹಿಡಿದದ್ದು ತಾನು ಎಂದು ಅವರು ಮರುಗುತ್ತಾರೆಂದು ಗಂಡ ಏನೋ ಸಮಾಧಾನ ಹೇಳಲು ಹೋದರು. ಆದರೆ ಅವರ ಮನಸ್ಸು ಬೇರೆಲ್ಲೋ ಇತ್ತು.

"ಸರ್, ನನ್ನ ಮಕ್ಕಳಿಗೆ ಜ್ವರ ಬಂದದ್ದು ಯಾವಾಗ್ಲೂ ನನಗೆ ಇಳಿದ ಮೇಲೆ ಗೊತ್ತಾಗುದು" ಎಂದರು. "ಹೆಂಡತಿ ಹೇಳುದಿಲ್ಲ, ನನಗೆ ಹೆದರಿಕೆ ಆಗ್ತದೆ ಅಂತ. ದೊಡ್ಡವನಿಗೆ ಟೈಫಾಯ್ಡ್ ಆಗಿತ್ತು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದ ಮೇಲೆ ಫೋನಲ್ಲಿ ಹೇಳಿದ್ಲು. ಮೈ ಬಿಸಿ ಉಂಟಾ ಅಂತ ಕೈ ಇಟ್ಟು ನೋಡಿದ್ದು ಅಂದ್ರೆ ಇವಳನ್ನೇ, ಈ ನಾಯಿಯನ್ನೇ."

ನನ್ನ ಗಂಡ ಎದ್ದು ಹೋಗಿ ಎಲ್ಲಿಂದಲೋ ಮೂರು ಚಹಾ ತಂದರು. ಪ್ರಾರ್ಥನೆ ಮುಗಿದು ರಸ್ತೆಯಲ್ಲಿ ಕಾರುಗಳ ಸದ್ದು ಹೆಚ್ಚಿತು. ನಾನು ಆ ಮಾತನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ನಮ್ಮ ಮಗಳ ಹಣೆ ನಾನು ಬೇಕೆಂದಾಗ ಮುಟ್ಟುವಷ್ಟು ಹತ್ತಿರವಿತ್ತು. ಎದುರು ಬಾಗಿಲಲ್ಲಿ ಹೀಗೊಂದು ಬದುಕು ನಡೆಯುತ್ತಿದೆ ಎಂದು ಅಷ್ಟು ವರ್ಷ ನನಗೆ ತೋಚಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಮುಖವಸ್ತ್ರ ಕೆಳಗೆಳೆದರು. "ಖಲಾಸ್. ಠೀಕ್ ಹೈ" ಎಂದರು, ಆಪರೇಷನ್ ಮುಗಿಯಿತು, ಚೆನ್ನಾಗಿದ್ದಾಳೆ ಎಂಬ ಅರ್ಥದಲ್ಲಿ. ಎದುರು ಮನೆಯವರು ಬೆಡ್‌ಶೀಟಿನಲ್ಲಿ ಮುಖ ಒರೆಸಿಕೊಂಡರು.

ಅವಳು ಚೇತರಿಸಿಕೊಂಡದ್ದು ನಮ್ಮ ಹಾಲ್‌ನಲ್ಲಿ. ಎದುರು ಮನೆಯವರು ಆ ವಾರವೆಲ್ಲ ಕೆಲಸದಿಂದ ನೇರವಾಗಿ ಇಲ್ಲಿಗೇ ಬಂದು ಅವಳಿಗೆ ಗಂಜಿ ಕುಡಿಸುತ್ತಿದ್ದರು. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೊಡೆಯಂಥದು ಬಾಗಿಲಿಗೆ ತಾಗಿ ಅವಳು ಬೇಸರದಿಂದ ನಿಂತುಬಿಡುತ್ತಿದ್ದಳು. ಆಗ ಮಗಳು ಹಿಂದಿನಿಂದ ತಳ್ಳಿ ದಾರಿ ತೋರಿಸುತ್ತಿದ್ದಳು. ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಅವಳು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಬೇಕು. ಏನು ತಿಂದಳು, ಎಷ್ಟು ಕುಡಿದಳು, ಹೊರಗೆ ಸರಿಯಾಗಿ ಹೋದಳಾ? ಮೊದಲು ನಾಯಿಯ ವಿಷಯ ಮಾತ್ರ ಇರುತ್ತಿತ್ತು. ಬರುಬರುತ್ತ ಅವರ ಸಕ್ಕರೆ ಕಾಯಿಲೆ, ನನ್ನ ಬೆನ್ನುನೋವು, ಅವರ ಮಗಳ ಮದುವೆಯ ಮಾತುಕತೆ, ಎಲ್ಲವೂ ಅದೇ ಬಾಗಿಲಲ್ಲಿ ಸೇರಿಕೊಂಡವು. ಚಪ್ಪಲಿ ಗೂಡಿಗೆ ಒರಗಿ ಆಡಿದ ಅಷ್ಟು ಮಾತನ್ನು ನಾನು ಈ ದೇಶದಲ್ಲಿ ಬೇರೆ ಯಾರೊಡನೆಯೂ ಆಡಿಲ್ಲ.

ಕೆಲವು ವರ್ಷಗಳ ನಂತರ ಅವರು ಊರಿಗೆ ಮರಳುವ ಕಾಲ ಬಂತು. ವಯಸ್ಸಾಗಿತ್ತು. ವೀಸಾ ಕೊಟ್ಟಿದ್ದ ಕಫೀಲ್ ಇನ್ನು ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ನವೀಕರಿಸುವುದಿಲ್ಲ ಎಂದಾಗಿತ್ತು. ಅವರ ಮುಖದಲ್ಲಿ ದುಃಖವಿರಲಿಲ್ಲ. ಮೊಮ್ಮಗ ಹುಟ್ಟಿದ್ದ. ನಾಯಿಯ ವಿಷಯ ಮಾತ್ರ ಕೊನೆಯವರೆಗೂ ಎತ್ತಲಿಲ್ಲ. ಅವಳು ಎಲ್ಲಿರಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಯ ವಾರ ದಿನಾ ಅಡುಗೆಮನೆಯಿಂದ ದೊಡ್ಡ ದೊಡ್ಡ ಮೂಳೆ ತಂದು ಹಾಕಿದರು. ಅವಳು ಅದನ್ನು ಎರಡು ಕಾಲಿನ ನಡುವೆ ಹಿಡಿದು ಕಟಕಟ ಕಡಿಯುವುದನ್ನು ಕುರ್ಚಿಯ ಮೇಲೆ ಕೂತು ನೋಡುತ್ತಿದ್ದರು. ಹೊರಡುವ ದಿನ ಅವಳ ತಲೆಯ ಮೇಲೆ ಕೈ ಇಟ್ಟು ತುಳುವಿನಲ್ಲಿ ಏನೋ ಹೇಳಿ ಲಿಫ್ಟ್ ಹತ್ತಿದರು. ವಿಮಾನ ನಿಲ್ದಾಣಕ್ಕೆ ಗಂಡ ಬಿಟ್ಟು ಬಂದರು.

ಅವಳು ಮಧ್ಯಾಹ್ನವಾದೊಡನೆ ಹೋಗಿ ಆ ಬಾಗಿಲ ಮುಂದೆ ಮಲಗತೊಡಗಿದಳು. ಊಟ ಅರ್ಧಕ್ಕಿಳಿಯಿತು, ವಾರಗಳು ಕಳೆದಂತೆ ಇನ್ನೂ ಕಡಿಮೆಯಾಯಿತು. ಕಟ್ಟಡದವರೆಲ್ಲ ಮರುಗಿದರು. ನಾಯಿಗೆ ಮನುಷ್ಯರಿಗಿಂತ ನಿಯತ್ತು ಹೆಚ್ಚು, ಕೊರಗಿ ಕೊರಗಿ ಹೋಗುತ್ತದೆ ಎಂದರು. ಗಂಡನೂ ಅದನ್ನೇ ನಂಬಿ, ವಿಡಿಯೋ ಕಾಲ್ ಹಚ್ಚಿ ಅವಳ ಮುಂದೆ ಹಿಡಿದರು. ಅತ್ತ ಕಡೆಯಿಂದ ಮಗಳೇ ಎಂಬ ಧ್ವನಿ ಬಂದಾಗ ಅವಳು ಕಿವಿ ನಿಮಿರಿಸಿ ಫೋನಿನ ಹಿಂದೆ ಹೋಗಿ ಹುಡುಕಿದಳು. ಊಟ ಮಾತ್ರ ಮಾಡಲಿಲ್ಲ. ಅಲ್ಲಿ ಅವರೂ ಸರಿಯಾಗಿ ಉಣ್ಣುತ್ತಿಲ್ಲವೆಂದು ಅವರ ಹೆಂಡತಿ ನನಗೆ ಹೇಳಿದರು.

ನಾನು ಆ ದಿನಗಳಲ್ಲಿ ಅವಳ ಪಕ್ಕ ಕೂತು ತಿನ್ನಿಸಲು ನೋಡುತ್ತಿದ್ದೆ. ಏನೋ ಒಂದು ಸರಿಹೋಗುತ್ತಿರಲಿಲ್ಲ. ಕೊರಗುವವಳು ಬಟ್ಟಲಿನ ಹತ್ತಿರವೇ ಬರಬಾರದಲ್ಲ? ಇವಳು ತಟ್ಟೆ ಸದ್ದಾದರೆ ಸಾಕು, ಎದ್ದು ಬರುತ್ತಿದ್ದಳು. ಆಸೆಯಿಂದ ಮೂಸುತ್ತಿದ್ದಳು. ಒಂದು ತುತ್ತು ಬಾಯಿಗೆ ತೆಗೆದುಕೊಂಡು ತಲೆಯನ್ನು ಎಡಕ್ಕೆ ವಾಲಿಸಿ ಅಗಿಯುತ್ತಿದ್ದಳು, ಅಷ್ಟರಲ್ಲಿ ತುತ್ತು ಕೆಳಗೆ ಬೀಳುತ್ತಿತ್ತು. ಅದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಮೊಸರನ್ನ ಮಾತ್ರ ನೆಕ್ಕುತ್ತಿದ್ದಳು. ಸೋಫಾದ ಅಂಚಿಗೆ ಬಲಗೆನ್ನೆ ಉಜ್ಜುತ್ತಿದ್ದಳು. ಒಂದು ದಿನ ಅವಳು ಮಲಗಿದ್ದ ಜಾಗದಲ್ಲಿ ಜೊಲ್ಲಿನ ಒದ್ದೆ ಇತ್ತು, ಅದರಲ್ಲಿ ನಸುಗೆಂಪು. ಬೆಳಕಿನಲ್ಲಿ ಮುಖ ಹಿಡಿದು ನೋಡಿದರೆ ಬಲಗಣ್ಣಿನ ಕೆಳಗೆ ಊತ.

"ರೀ, ಇಕಿಗೆ ಬ್ಯಾಸರಾ ಅಲ್ಲ" ಎಂದೆ ಗಂಡನಿಗೆ. "ಬಾಯಾಗ ಏನೋ ನೋವೈತಿ."

ಹೌದೆಂದರು ಡಾಕ್ಟರು. ಮೇಲಿನ ದವಡೆಯ ದೊಡ್ಡ ಹಲ್ಲು ಸೀಳಿ, ಬುಡದಲ್ಲಿ ಕೀವು ಕಟ್ಟಿತ್ತು. ಗಟ್ಟಿ ಮೂಳೆ ಏನಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು. ಹಲ್ಲು ಕಿತ್ತು ಔಷಧಿ ಕೊಟ್ಟ ವಾರದೊಳಗೆ ಅವಳು ತಟ್ಟೆ ನೆಕ್ಕಿ ದೂರ ತಳ್ಳುವಷ್ಟು ಉಣ್ಣತೊಡಗಿದಳು.

ಊರಿಗೆ ಫೋನ್ ಮಾಡಿದೆವು. ಗಂಡ ಮೂಳೆಯ ಮಾತನ್ನೂ ಹೇಳಿಬಿಡುವವರಿದ್ದರು. ನಾನು ಕೈ ಅಲ್ಲಾಡಿಸಿ ತಡೆದೆ. ಹಲ್ಲು ಹಾಳಾಗಿತ್ತು, ತೆಗೆಸಿದೆವು, ಈಗ ಚೆನ್ನಾಗಿ ತಿನ್ನುತ್ತಾಳೆ ಎಂದಷ್ಟೇ ಹೇಳಿದರು.

"ಹಾಗಾದ್ರೆ ನನ್ನ ನೆನಪಿಂದ ಅಲ್ಲ ಅಂತಾಯ್ತು."

ಗಂಡ ಫೋನ್ ನನ್ನ ಕೈಗೆ ಕೊಟ್ಟರು. ನಾನು ಏನಾದರೂ ಹೇಳುವ ಮೊದಲು ಅವರೇ ಮುಂದುವರಿಸಿದರು.

"ಒಳ್ಳೇದಾಯ್ತು ಬಿಡಿ ಅಕ್ಕ. ಹಲ್ಲಾದ್ರೆ ತೆಗೀಬಹುದು."

ಅವಳು ಈಗಲೂ ಮಧ್ಯಾಹ್ನ ನಿಮ್ಮ ಬಾಗಿಲ ಮುಂದೆ ಹೋಗಿ ಮಲಗುತ್ತಾಳೆ ಎಂದು ಹೇಳಿದೆ. ಅದು ನಿಜವೇ ಆಗಿತ್ತು. ಹೊಟ್ಟೆ ತುಂಬ ಉಂಡು, ಬಾಯಿ ನೆಕ್ಕಿಕೊಂಡು, ಹೋಗಿ ಮಲಗುತ್ತಿದ್ದಳು. ಅವರು ನಕ್ಕರು. ಆ ನಗುವಿನ ಹಿಂದೆ ಅವರ ಮನೆಯ ಕೋಳಿಗಳ ಸದ್ದು, ಮೊಮ್ಮಗನ ಅಳು ಕೇಳಿಸಿತು. ಮಗುವಿಗೆ ನಿನ್ನೆಯಿಂದ ಸ್ವಲ್ಪ ನೆಗಡಿ, ಮೈ ಬೆಚ್ಚಗಿದೆ, ಈಗಷ್ಟೇ ಕೈ ಇಟ್ಟು ನೋಡಿದೆ ಎಂದು ಹೇಳಿ, ಹೋಗಬೇಕೆಂದು ಫೋನ್ ಇಟ್ಟರು.

ಅವಳು ಆಮೇಲೂ ಬಹಳ ಕಾಲ ಬದುಕಿದಳು. ಎದುರು ಮನೆಗೆ ಹೊಸಬರು ಬಂದರು. ನಾಯಿಗೆ ಹೆದರುವ ಕುಟುಂಬ. ಆದರೂ ಮಧ್ಯಾಹ್ನದ ಹೊತ್ತು ಅವಳನ್ನು ದಾಟಿಕೊಂಡು ಒಳಗೆ ಹೋಗುವುದನ್ನು ಕಲಿತರು. ಕಣ್ಣು ಮಂಜಾಗಿ, ಹಿಂಗಾಲು ಬಿಗಿದು, ಎದ್ದು ನಿಲ್ಲುವುದೇ ನಿಧಾನವಾದ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಹಾಲ್‌ನಲ್ಲಿ ಮಲಗಿದಲ್ಲೇ ಹೋದಳು. ಮುದಿತನವೊಂದನ್ನು ಬಿಟ್ಟು ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮಗಳು ಅವಳ ಪಕ್ಕ ಕೂತು ಬಹಳ ಹೊತ್ತು ಕಿವಿಯನ್ನು ಮಡಚಿ ಬಿಡಿಸುತ್ತಿದ್ದಳು. ಊರಿಗೆ ಫೋನ್ ಮಾಡಿದವಳೂ ಅವಳೇ. ಅಂದು ಅಂಕಲ್ ಜೊತೆ ಪೂರ್ತಿ ಕನ್ನಡದಲ್ಲೇ ಮಾತಾಡಿದಳು.